ಸುಲ್ತಾನ್ ಬಜಾರಿನಲ್ಲಿ ಹೇಳಿದ ಚಹರೆ

ಸುಲ್ತಾನ್ ಬಜಾರಿನ ಮ್ಯಾಚಿಂಗ್ ಸೆಂಟರಿನಿಂದ ನಾನು ಹೊರಗೆ ಬಂದಾಗ ಅತ್ತೆ ಅಲ್ಲಿರಲಿಲ್ಲ. ಬಾಗಿಲ ಬಳಿ ಕೂದಲ ಕ್ಲಿಪ್ಪು ಮಾರುವ ಗಾಡಿಯ ಪಕ್ಕ ಅವರನ್ನು ನಿಲ್ಲಿಸಿ, ಇಲ್ಲೇ ನಿಂತಿರಿ, ಎಲ್ಲೂ ಹೋಗಬೇಡಿ ಎಂದು ಮೂರು ಸಲ ಹೇಳಿ, ಸೀರೆಗೆ ಫಾಲ್ ತರಲು ಒಳಗೆ ಹೋಗಿದ್ದೆ. ಗಾಡಿ ಇತ್ತು. ಕ್ಲಿಪ್ಪುಗಳಿದ್ದವು. ಅತ್ತೆ ಮಾತ್ರ ಇರಲಿಲ್ಲ.

ಅತ್ತೆ ಎಂದರೆ ನನ್ನ ಗಂಡನ ಸೋದರತ್ತೆ, ನಮ್ಮ ಮಾವನವರ ಅಕ್ಕ. ಎಂಬತ್ತರ ಆಸುಪಾಸಿನ ಹೆಂಗಸು. ಕಲಬುರಗಿ ಕಡೆಯಿಂದ ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಬಂದು ಒಂದು ತಿಂಗಳಾಗಿತ್ತು. ಮೈದುನನ ಮಗಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಬಸುರಿಗೆ ಉಡಿಸುವ ಹಸಿರು ಸೀರೆ, ಹಸಿರು ಬಳೆ ತಮ್ಮ ಕಣ್ಣಾರೆ ನೋಡಿಯೇ ತರಬೇಕೆಂದು ಅವರು ಹಟ ಹಿಡಿದಿದ್ದರು. ಇಬ್ಬರೂ ಮೆಟ್ರೋ ಹತ್ತಿ ಈ ಬಜಾರಿರುವ ಕೋಠಿಗೆ ಬಂದೆವು.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹುಟ್ಟಾ ಗಾಬರಿಗಾರ್ತಿ. ಗಂಡ ಲಿಫ್ಟಿನಲ್ಲಿ ಕೆಳಗಿಳಿದು ಕಾರು ತೆಗೆಯುವಷ್ಟರಲ್ಲಿ ಮನಸ್ಸಿನಲ್ಲಿ ಎರಡು ಅಪಘಾತ ಮುಗಿಸಿರುತ್ತೇನೆ. ಮನೆಯಿಂದ ಯಾರೇ ಹೊರಟರೂ ಯಾವ ಬಣ್ಣದ ಬಟ್ಟೆ, ಕಾಲಿಗೆ ಯಾವ ಚಪ್ಪಲಿ ಎಂದು ಒಮ್ಮೆ ಮೇಲಿನಿಂದ ಕೆಳಗೆ ನೋಡಿಕೊಳ್ಳುತ್ತೇನೆ. ನಾಳೆ ಪೊಲೀಸರು ಕೇಳಿದರೆ ತಡವರಿಸಬಾರದಲ್ಲ. ಮನೆಯವರಿಗೆಲ್ಲ ಇದೊಂದು ತಮಾಷೆ. ಆದ್ದರಿಂದ ಅವತ್ತು ಬಜಾರಿನ ನಡುವೆ ನಿಂತಾಗ ನನಗೆ ಆದದ್ದು ಹೇಳಿದರೆ ನೀವು ನಂಬಲಿಕ್ಕಿಲ್ಲ: ನನಗೆ ಕೈಕಾಲು ನಡುಗಲಿಲ್ಲ. ಮೂವತ್ತು ವರ್ಷದಿಂದ ಓದುತ್ತಿದ್ದ ಪರೀಕ್ಷೆ ಕೊನೆಗೂ ಬಂತು ಎನ್ನಿಸಿತು. ಪ್ರಶ್ನೆಪತ್ರಿಕೆಯಲ್ಲಿ ಎಲ್ಲ ಗೊತ್ತಿದ್ದದ್ದೇ.

ಒಂದು ವಿಷಯದ ಚಿಂತೆ ಮಾತ್ರ ಇತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಕೊಡುವ ಮಾತ್ರೆಯನ್ನು, ಗದ್ದಲದಲ್ಲಿ ಮರೆತೇನೆಂಬ ಭಯಕ್ಕೆ, ಮೆಟ್ರೋ ಇಳಿಯುತ್ತಲೇ ನುಂಗಿಸಿದ್ದೆ. ಊಟ ಇನ್ನೂ ಆಗಿರಲಿಲ್ಲ. ಹೊತ್ತು ಮೀರಿದರೆ ಅವರಿಗೆ ಕಣ್ಣು ಕತ್ತಲೆ ಬರುತ್ತದೆ, ಒಮ್ಮೆ ದೇವರ ಕೋಣೆಯಲ್ಲೇ ಕುಸಿದಿದ್ದರು. ಹಾಗಾದಾಗ ಬಾಯಿಗೆ ಹಾಕಿಕೊಳ್ಳಲೆಂದು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇಟ್ಟಿದ್ದೆ. ನಮ್ಮ ವಿಳಾಸ, ಮೂರು ಫೋನ್ ನಂಬರು ಬರೆದು ಲ್ಯಾಮಿನೇಟ್ ಮಾಡಿಸಿದ ಕಾರ್ಡೂ ಇತ್ತು. ಅವರ ಮೊಬೈಲ್ ಇತ್ತು, ಅವರ ಪುಟ್ಟ ಹಣದ ಚೀಲ ಇತ್ತು. ಬಜಾರಿನಲ್ಲಿ ಯಾರಾದರೂ ಕಸಿದುಕೊಂಡಾರೆಂದು ಇವನ್ನೆಲ್ಲ ಅವರ ಕೈಯಿಂದ ತೆಗೆದು ನನ್ನ ಬ್ಯಾಗಿಗೆ ಹಾಕಿ ಜಿಪ್ಪು ಎಳೆದವಳು ನಾನೇ. ಎಲ್ಲ ಭದ್ರವಾಗಿತ್ತು.

ಮೊದಲು ಕ್ಲಿಪ್ಪಿನ ಗಾಡಿಯವನನ್ನು ಕೇಳಿದೆ. ಯಾವ ಅಜ್ಜಿಯೂ ಇಲ್ಲಿ ನಿಂತಿರಲಿಲ್ಲ ಎಂದ. ವ್ಯಾಪಾರದ ಗಡಿಬಿಡಿಯಲ್ಲಿ ಯಾರು ಯಾರನ್ನು ನೋಡುತ್ತಾರೆ ಎಂದುಕೊಂಡು ಗಲ್ಲಿಯನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ಸುತ್ತಿದೆ. ಅಂಗಡಿಯ ಗಲ್ಲೆಯವರನ್ನು ಕೇಳಿದೆ. ಒಳಗೆ ಯಾರೂ ಬರಲಿಲ್ಲ ಎಂದರು. ಆಮೇಲೆ ಗಂಡನಿಗೆ ಫೋನ್ ಮಾಡಿದೆ. ಆಫೀಸಿನಲ್ಲಿದ್ದವರು ನನಗಿಂತ ಹೆಚ್ಚು ಗಾಬರಿಯಾದರು. ಆ ಸುಖವನ್ನು ನಾನು ಸ್ವಲ್ಪ ಹೊತ್ತು ಅನುಭವಿಸಿದೆ ಎಂದು ಒಪ್ಪಿಕೊಳ್ಳಲೇಬೇಕು. ಈಗಲೇ ಹೊರಟೆ, ನೀನು ಪೊಲೀಸರ ಹತ್ತಿರ ಹೋಗು ಎಂದರು. ನಾನಾಗಲೇ ಹೋಗುತ್ತಿದ್ದೇನೆ ಎಂದೆ.

ಮಾರುಕಟ್ಟೆಯ ತಿರುವಿನಲ್ಲಿ ಪೊಲೀಸರ ಪುಟ್ಟ ಚೌಕಿ. ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ನನ್ನನ್ನು ಕೂರಿಸಿ, ನೀರು ಕೊಟ್ಟು, ತೆಲುಗಿಗೆ ಹಿಂದಿ ಬೆರೆಸಿ ಒಂದೊಂದಾಗಿ ಕೇಳತೊಡಗಿದಳು. ಗಾಬರಿಯಾದವರನ್ನು ನೋಡಿ ನೋಡಿ ಸಾಕಾದ ಮುಖ. ನಾನು ಗಾಬರಿಯಾಗದೆ ಉತ್ತರ ಕೊಡುವುದು ಕಂಡು ಅವಳಿಗೆ ಒಂದಿಷ್ಟು ಅನುಮಾನವೇ ಬಂದಿರಬೇಕು.

ಹೆಸರು, ವಯಸ್ಸು ಹೇಳಿದೆ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ತಲೆಯ ಮೇಲೆ ಸೆರಗು, ಕಂದು ಬಣ್ಣದ ಚಪ್ಪಲಿ, ಎಡಗಾಲಿನದಕ್ಕೆ ಹೆಬ್ಬೆರಳು ತೂರಿಸುವ ಹೊಸ ಉಂಗುಷ್ಟ ಹೊಲಿಸಿದ್ದು. ಕಾನ್‌ಸ್ಟೇಬಲ್ ತಲೆ ಎತ್ತಿ ನೋಡಿದಳು. ನನ್ನ ಮೂವತ್ತು ವರ್ಷದ ಅಭ್ಯಾಸಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಎತ್ತರ ಕೇಳಿದಾಗ ನನ್ನ ಕಿವಿಯವರೆಗೆ ಬರುತ್ತಾರೆ ಎಂದೆ. ಅಷ್ಟರಲ್ಲಿ ಟ್ಯಾಕ್ಸಿಯಲ್ಲಿ ಕೂತ ಗಂಡನ ಫೋನು. ಎತ್ತರ ಬರೆಸಿದೆಯಾ, ಅತ್ತಿ ಭಾಳ ಎತ್ತರ ಅಂತ ಹೇಳು ಎಂದರು. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಕತ್ತೆತ್ತಿ ನೋಡಿದ ಅತ್ತೆ ಅವರ ಕಣ್ಣಲ್ಲಿ ಹಾಗೇ ಉಳಿದಿದ್ದರು. ಒಂದು ತಿಂಗಳಿಂದ ಒಂದೇ ಮನೆಯಲ್ಲಿದ್ದೂ ಅವರು ಅತ್ತೆಯ ಪಕ್ಕ ನಿಂತು ನೋಡಿಕೊಂಡಿರಲಿಲ್ಲ. ನಾನು ಕಿವಿಯ ಅಳತೆಯನ್ನೇ ಇರಿಸಿದೆ.

ಫೋಟೋ ಕೇಳಿದಳು. ಮೊಬೈಲಿನಲ್ಲಿ ಹುಡುಕಿದರೆ ಅತ್ತೆ ಇದ್ದರು, ಮುಖ ಇರಲಿಲ್ಲ. ರೊಟ್ಟಿ ತಟ್ಟುವಾಗ ಬಗ್ಗಿದ ತಲೆ, ಹಬ್ಬದ ಗುಂಪಿನಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕನ್ನಡಕ. ಕೊನೆಗೆ ಬಾಲ್ಕನಿಯಲ್ಲಿ ಕೂತು ಸೊಪ್ಪು ಬಿಡಿಸುವ, ಮುಖ ಅರ್ಧ ಕಾಣುವ ಒಂದು ಚಿತ್ರ ಸಿಕ್ಕಿತು. ಅದೇ ಆಗಬಹುದು ಎಂದಳು.

ಆಮೇಲೆ ಯಾವ ಭಾಷೆ ಮಾತಾಡುತ್ತಾರೆ ಎಂದು ಕೇಳಿದಳು. ಕನ್ನಡ ಎಂದೆ. ಇನ್ನು ಯಾವುದು ಬರುತ್ತದೆ ಎಂದಳು. ಕನ್ನಡ ಬಿಟ್ಟು ಏನೂ ಬರುವುದಿಲ್ಲ ಎಂದೆ, ಖಡಾಖಂಡಿತವಾಗಿ. ನಮ್ಮ ಫ್ಲ್ಯಾಟಿನಲ್ಲಿ ಅಕ್ಕಪಕ್ಕದವರು ತೆಲುಗಿನಲ್ಲಿ ಮಾತಾಡಿಸಿದರೆ ಅವರು ನಕ್ಕು ಸುಮ್ಮನಾಗುತ್ತಿದ್ದುದನ್ನು ನಾನೇ ನೋಡಿದ್ದೆ. ಡಾಕ್ಟರು ಹಿಂದಿಯಲ್ಲಿ ಕೇಳಿದರೆ ನಾನೇ ಉತ್ತರಿಸುತ್ತಿದ್ದೆ. ಹಾಗಿದ್ದರೆ ಭಯಪಟ್ಟಿರುತ್ತಾರೆ, ಅಳುತ್ತಿರಬಹುದು ಅಲ್ಲವೇ ಎಂದಳು ಕಾನ್‌ಸ್ಟೇಬಲ್. ಖಂಡಿತ ಎಂದೆ. ಅತ್ತೆಯನ್ನು ನಾನು ಯಾವತ್ತೂ ಅಳುತ್ತಾ ಕಂಡವಳಲ್ಲ. ಆದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಎಲ್ಲಿ ಬಿಟ್ಟಿರಿ ಎಂಬ ಪ್ರಶ್ನೆ. ಅದಕ್ಕಂತೂ ಯೋಚಿಸಬೇಕಾಗಿಯೇ ಇರಲಿಲ್ಲ. ಮ್ಯಾಚಿಂಗ್ ಸೆಂಟರಿನ ಬಾಗಿಲಲ್ಲಿ, ಕ್ಲಿಪ್ಪಿನ ಗಾಡಿಯ ಪಕ್ಕ.

ಮೈಕಿನಲ್ಲಿ ಕೂಗಿಸಿದರು. ಹೆಸರು ಹೇಳಲಿಲ್ಲ. ಮೈಮೇಲೆ ಚಿನ್ನ ಇರುವ ವಯಸ್ಸಾದವರ ಹೆಸರನ್ನು ಬಜಾರಿನಲ್ಲಿ ಕೂಗಿದರೆ, ಆ ಹೆಸರು ಹಿಡಿದು ಕರೆದುಕೊಂಡು ಹೋಗುವ ನೆಂಟರು ಬಹಳ ಜನ ಹುಟ್ಟಿಕೊಳ್ಳುತ್ತಾರಂತೆ. ನನ್ನಂಥವಳಿಗೂ ಹೊಳೆಯದಿದ್ದ ಭಯ ಅದು. ಮನಸ್ಸಿನಲ್ಲೇ ಎತ್ತಿಟ್ಟುಕೊಂಡೆ. ಹಸಿರು ಸೀರೆಯ ಒಬ್ಬ ವೃದ್ಧೆ ತಪ್ಪಿಸಿಕೊಂಡಿದ್ದಾರೆ, ಕನ್ನಡ ಒಂದೇ ಬರುತ್ತದೆ, ಭಯಪಟ್ಟಿದ್ದಾರೆ, ಕಂಡವರು ಚೌಕಿಗೆ ತಿಳಿಸಬೇಕು ಎಂದು ತೆಲುಗಿನಲ್ಲೊಮ್ಮೆ ಹಿಂದಿಯಲ್ಲೊಮ್ಮೆ ಕೂಗು ಹೊರಟಿತು. ಕೇಳುತ್ತಾ ಕೇಳುತ್ತಾ ನನಗೇ ಆ ವೃದ್ಧೆಯ ಮೇಲೆ ಕನಿಕರ ಬಂತು.

ಫೋಟೋ ಅಂಗಡಿಯವರ ವಾಟ್ಸಾಪ್ ಗುಂಪಿಗೂ ಹೋಯಿತು. ಏನೂ ಬರಲಿಲ್ಲ. ಊಟದ ಹೊತ್ತು ದಾಟುತ್ತಿತ್ತು. ನಾನು ಬ್ಯಾಗಿನ ಹೊರಗಿನಿಂದಲೇ ಬಿಸ್ಕತ್ತಿನ ಪೊಟ್ಟಣವನ್ನು ಒತ್ತಿ ನೋಡಿಕೊಂಡೆ. ಪರೀಕ್ಷೆಯ ಧೈರ್ಯ ಒಂದು ಹಂತಕ್ಕೆ ಬಂದು ನಿಂತಿತ್ತು. ಎಲ್ಲ ಪ್ರಶ್ನೆಗೂ ಉತ್ತರ ಬರೆದಾಗಿದೆ, ಆದರೂ ಹುಡುಗಿ ಫೇಲು ಎಂಬ ಹಾಗೆ.

ಕಾನ್‌ಸ್ಟೇಬಲ್ ಎದ್ದಳು. ಜಾಗ ತೋರಿಸಿ ಎಂದಳು. ಮ್ಯಾಚಿಂಗ್ ಸೆಂಟರಿನ ಎದುರಿನ ಬಳೆ ಅಂಗಡಿಯಲ್ಲಿ ಕ್ಯಾಮೆರಾ ಇತ್ತು. ಅಂಗಡಿಯವರು ದೃಶ್ಯವನ್ನು ಹಿಂದಕ್ಕೆ ಓಡಿಸಿ ತೋರಿಸಿದರು. ಪರದೆಯ ಮೇಲೆ ನಾನು ಬಾಗಿಲಿನಿಂದ ಹೊರಗೆ ಬಂದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಬ್ಯಾಗಿನ ಜಿಪ್ಪು ಮುಟ್ಟಿದೆ. ಓಡಿದೆ, ಬಂದೆ, ಜಿಪ್ಪು ಮುಟ್ಟಿದೆ. ಇದನ್ನು ನಾನು ಇಷ್ಟು ಸಲ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕಾನ್‌ಸ್ಟೇಬಲ್ ಇನ್ನೂ ಹಿಂದಕ್ಕೆ ಹೋಗಿ ಎಂದಳು. ಹೋದರು. ಕ್ಲಿಪ್ಪಿನ ಗಾಡಿ ಬಂದು ನಿಂತದ್ದು ಕಂಡಿತು. ಅತ್ತೆ ಎಲ್ಲೂ ಇಲ್ಲ. ಅಂಗಡಿಯವರು ನನ್ನನ್ನೊಮ್ಮೆ ನೋಡಿ, ಕಾನ್‌ಸ್ಟೇಬಲನ್ನು ನೋಡಿದರು. ಆ ನೋಟದಲ್ಲಿ, ಅಮ್ಮನವರಿಗೆ ಅತ್ತೆ ಎಂಬವರು ನಿಜವಾಗಿಯೂ ಇದ್ದಾರೆಯೇ ಎಂಬ ಸಂಶಯವಿತ್ತು. ಒಂದು ಕ್ಷಣ ನನಗೂ ಬಂತು.

ಕಾನ್‌ಸ್ಟೇಬಲ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಮೀರು ಬಯಟಕಿ ವಚ್ಚಿಂದಿ ಉಂದಿ ಮೇಡಂ. ಲೋಪಲಿಕಿ ಪೋಯಿಂದಿ ಏದಿ?"

ನೀವು ಹೊರಗೆ ಬಂದದ್ದು ಇದೆ, ಒಳಗೆ ಹೋದದ್ದು ಎಲ್ಲಿ ಎಂದು ಅವಳು ಕೇಳುತ್ತಿದ್ದಳು.

ಇಲ್ಲಿಂದಲೇ ಹೋದೆ ಎಂದೆ. ಅವಳು ನನ್ನ ಮೊಣಕೈ ಹಿಡಿದು ಮ್ಯಾಚಿಂಗ್ ಸೆಂಟರಿನ ಒಳಗೆ ನಡೆಸಿದಳು. ಬಣ್ಣಬಣ್ಣದ ಬಟ್ಟೆಯ ಸುರುಳಿಗಳ ನಡುವೆ ಉದ್ದಕ್ಕೆ ಹೋಗಿ, ಒಂದು ತಿರುವು ತಿರುಗಿ, ಇನ್ನೂ ಉದ್ದಕ್ಕೆ ಹೋದರೆ ಎದುರಿಗೆ ಇನ್ನೊಂದು ಬಾಗಿಲು. ಬಾಗಿಲಾಚೆ ಇನ್ನೊಂದು ಗಲ್ಲಿ. ಗಲ್ಲಿಯಲ್ಲಿ ಇನ್ನೊಂದು ಕ್ಲಿಪ್ಪಿನ ಗಾಡಿ. ಸುಲ್ತಾನ್ ಬಜಾರಿನಲ್ಲಿ ಹತ್ತು ಹೆಜ್ಜೆಗೊಂದು ಕ್ಲಿಪ್ಪಿನ ಗಾಡಿ ಇರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಫಾಲಿನ ಬಣ್ಣ ಕೂಡಿಸುತ್ತಾ ಕೂಡಿಸುತ್ತಾ ಒಳಗೊಳಗೇ ಸರಿದು, ಆ ತುದಿಯ ಗಲ್ಲೆಯಲ್ಲಿ ದುಡ್ಡು ಕೊಟ್ಟು, ಆ ಬಾಗಿಲಿನಿಂದಲೇ ಹೊರಬಿದ್ದು, ಆ ಗಲ್ಲಿಯನ್ನೇ ನಾನು ಜರಡಿ ಹಿಡಿದಿದ್ದೆ.

ಈ ಗಾಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಾವು ಅವಳನ್ನು ಕೇಳುವ ಮುಂಚೆಯೇ ಅವಳು ನನ್ನ ಮುಖ ನೋಡಿದಳು, ಜಿಪ್ಪಿನ ಮೇಲಿದ್ದ ನನ್ನ ಕೈ ನೋಡಿದಳು, ಎದ್ದು ನಿಂತಳು.

"ಅಮ್ಮಾ, ಆಪ್ ಗುಮ್ ಗಯೇ ಬೋಲ್ಕೆ ಆಪಾ ಕಬ್ ಸೇ ಢೂಂಡ್ರೈಂ," ಎಂದಳು.

ನಾನು ಕಳೆದುಹೋಗಿದ್ದೇನೆಂದು ಯಾರೋ ಆಪಾ, ಅಂದರೆ ಅಕ್ಕ, ಆಗಿನಿಂದ ನನ್ನನ್ನು ಹುಡುಕುತ್ತಿದ್ದಾರೆ. ಅವಳು ಕೈ ತೋರಿಸಿದ ಕಡೆ, ಎದುರಿನ ಸೀರೆ ಅಂಗಡಿಯಲ್ಲಿ, ಬಿಳಿಯ ಗಾದಿಯ ಮೇಲೆ ಕಾಲು ಮಡಚಿ ಅತ್ತೆ ಕೂತಿದ್ದರು. ಪಕ್ಕದಲ್ಲಿ ಖಾಲಿಯಾದ ಚಹಾದ ಲೋಟ, ಅರ್ಧ ತಿಂದ ಬಿಸ್ಕತ್ತು. ಮುಂದೆ ಹರವಿದ ಹಸಿರು ಸೀರೆಗಳು. ಅಂಗಡಿಯ ವಯಸ್ಸಾದ ಸಾಹೇಬರು ಏನೋ ಬೆಲೆ ಹೇಳುತ್ತಿದ್ದರು. ಅತ್ತೆ ಸೀರೆಯ ಅಂಚನ್ನು ಬೆರಳ ನಡುವೆ ತಿಕ್ಕಿ, ಸೊಗಸಾದ ದಖನಿ ಉರ್ದುವಿನಲ್ಲಿ, ಈ ಜರಿ ಒಂದು ಒಗೆತಕ್ಕೆ ಮಣ್ಣಾಗುತ್ತದೆ, ನನಗೆ ಹೇಳಬೇಡಿ ಎಂದು ವಾದಿಸುತ್ತಿದ್ದರು. ನನ್ನ ಕಿವಿಯನ್ನು ನಾನು ನಂಬಲಿಲ್ಲ. ದಖನಿಯೂ ಅಂಥಿಂಥದಲ್ಲ. ನಾನು ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ತರಕಾರಿಯವರೊಡನೆ ಆಡಿದ ಹಿಂದಿ ಅದರ ಮುಂದೆ ತೊದಲು.

ನನ್ನನ್ನು ಕಂಡ ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಎಲ್ಲಿ ಹೋಗಿದ್ದೆ ಯವ್ವಾ? ಇಲ್ಲೇ ನಿಂದ್ರು ಅಂತ ನನಗ ಹೇಳಿ ನೀ ಹೋಗಿಬಿಟ್ಟಿ. ಇರಲಿ, ಗಾಬ್ರಿ ಆಗಬ್ಯಾಡ, ಸಿಕ್ಕಿಯಲ್ಲ."

ನಾನು ಅಲ್ಲೇ ಗಾದಿಯ ಅಂಚಿನಲ್ಲಿ ಕುಸಿದೆ. ಅತ್ತೆ ಉಳಿದ ಅರ್ಧ ಬಿಸ್ಕತ್ತನ್ನು ನನ್ನ ಕೈಗಿಟ್ಟರು.

ಆಮೇಲೆ ಸಾಹೇಬರು ನಡೆದದ್ದನ್ನು ವಿವರವಾಗಿ ಹೇಳಿದರು. ಅತ್ತೆ ನಿಂತಲ್ಲೇ ನಿಂತು ಕಾದರಂತೆ. ಕಾಲು ನೋಯತೊಡಗಿದಾಗ ಮ್ಯಾಚಿಂಗ್ ಸೆಂಟರಿನವರನ್ನು ವಿಚಾರಿಸಿದರಂತೆ. ಆ ಅಮ್ಮ ಆಗಲೇ ದುಡ್ಡು ಕೊಟ್ಟು ಹೋದರು ಎಂದರಂತೆ. ಆಗ ಅತ್ತೆ ಒಂದು ತೀರ್ಮಾನಕ್ಕೆ ಬಂದರು: ಈಕೆ ತಪ್ಪಿಸಿಕೊಂಡಿದ್ದಾಳೆ. ಬಿಟ್ಟ ಬಾಗಿಲು ಕಣ್ಣಿಗೆ ಕಾಣುವಂತೆ ಎದುರಿನ ಅಂಗಡಿಯಲ್ಲಿ ಕೂತರು. ಕೂರುವ ಮೊದಲೇ ತಮಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗಿ ಆಗಿದೆ, ಒಂದು ಸಿಹಿ ಚಹಾ ತರಿಸಿ ಎಂದು ಕೇಳಿ ಕುಡಿದರು. ನನ್ನ ಫೋನ್ ನಂಬರು ಅವರಿಗೆ ಬಾಯಿಪಾಠ ಇರಲಿಲ್ಲ. ಹಾಗಾಗಿ ಗಾಡಿಯ ಹೆಂಗಸಿಗೂ ಪಕ್ಕದ ಎರಡು ಅಂಗಡಿಯವರಿಗೂ ನನ್ನ ಚಹರೆ ಹೇಳಿ ನಿಗಾ ಇಡಲು ಒಪ್ಪಿಸಿದರು.

ನನ್ನ ಚಹರೆ ಏನಿತ್ತು ಎಂದು ಕೇಳಬಾರದಿತ್ತು, ಕೇಳಿದೆ. ಸಾಹೇಬರು ಸಂಕೋಚಪಟ್ಟರು. ಗಾಡಿಯ ಹೆಂಗಸಿಗೆ ಅಂಥ ಸಂಕೋಚ ಇರಲಿಲ್ಲ. ನೀಲಿ ಸಲ್ವಾರು, ಕನ್ನಡಕ ತಲೆಯ ಮೇಲೆ ಇರುತ್ತದೆ, ಆದರೆ ಎಲ್ಲಿಟ್ಟೆ ಎಂದು ಬ್ಯಾಗಿನಲ್ಲಿ ಹುಡುಕುತ್ತಿರುತ್ತಾಳೆ. ನಾಲ್ಕು ಹೆಜ್ಜೆಗೊಮ್ಮೆ ಜಿಪ್ಪು ಮುಟ್ಟುತ್ತಾಳೆ. ಮುಖ ಈಗ ತಾನೇ ಕೆಟ್ಟ ಸುದ್ದಿ ಕೇಳಿದವರ ಹಾಗೆ ಇರುತ್ತದೆ, ಅದು ಯಾವಾಗಲೂ ಹಾಗೇ ಇರುತ್ತದೆ, ಹೆದರಬೇಡಿ. ಹಿಂದಿ ಮಾತಾಡುತ್ತಾಳೆ, ಆದರೆ ಅರ್ಥವಾಗುವುದಿಲ್ಲ. ಕಾನ್‌ಸ್ಟೇಬಲ್ ಇಷ್ಟು ಹೊತ್ತು ಗಂಭೀರವಾಗಿದ್ದವಳು ಗೋಡೆಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ನನಗೆ ತಕರಾರು ಮಾಡಲು ಒಂದು ಅಂಶವೂ ಸಿಗಲಿಲ್ಲ. ಕನ್ನಡಕ ತಲೆಯ ಮೇಲೇ ಇತ್ತು.

ಇಷ್ಟು ಚೆನ್ನಾಗಿ ಉರ್ದು ಬರುತ್ತದೆಂದು ಒಂದು ದಿನವಾದರೂ ಹೇಳಬಾರದಿತ್ತೇ ಎಂದು ಅತ್ತೆಯನ್ನು ಕೇಳಿದೆ.

"ನಾ ಮೂರನೇತ್ತ ತನಕ ಸಾಲಿ ಕಲ್ತದ್ದೇ ಉರ್ದೂನಾಗ, ನಿಜಾಮನ ಕಾಲದಾಗ. ನಮ್ಮ ಓಣ್ಯಾಗ ಎಲ್ಲಾ ಅದೇ ಮಾತು. ನೀವು ಯಾರ್ ಕೇಳಿದ್ರಿ? ಆ ಡಾಕ್ಟರ್ ಕೇಳಿದ್ದೊಂದು, ನೀ ಹೇಳಿದ್ದೊಂದು. ಪಾಪ ಹುಡುಗಿ ಇಷ್ಟು ಬಡದಾಡಾಕತ್ತಾಳ, ನಡುವ ಬಾಯಿ ಯಾಕ ಹಾಕ್ಲಿ ಅಂತ ಸುಮ್ನ ಕುಂತೆ."

ತೆಲುಗು ಮಾತ್ರ ನಿಜವಾಗಿಯೂ ಬರುತ್ತಿರಲಿಲ್ಲ. ನಮ್ಮ ಫ್ಲ್ಯಾಟಿನ ಸಂದಿಗೊಂದಿಯಲ್ಲಿ ತೆಲುಗೇ ತುಂಬಿದ್ದರಿಂದ ಅವರು ಬಾಯಿ ಬಿಡುವ ಪ್ರಸಂಗವೇ ಬಂದಿರಲಿಲ್ಲ. ಹಿಂದಿ ಬೇಕಾದಲ್ಲೆಲ್ಲ ನಾನು ಮುಂದೆ ನಿಂತಿದ್ದೆ.

ಅಷ್ಟರಲ್ಲಿ ಹೊರಗಿನ ಮೈಕು ಮತ್ತೊಮ್ಮೆ ಶುರುವಾಯಿತು. ಚೌಕಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಅತ್ತೆ ಕಿವಿ ಎತ್ತಿ ಕೇಳಿದರು. ಮುಖದಲ್ಲಿ ಮರುಕ ಮೂಡಿತು.

"ಆಗಿಂದ ಒದರಾಕತ್ತಾರ ನೋಡು. ನಮ್ಮ ಕಡೆದಾಕಿ ಯಾರೋ ಮುದುಕಿ ಕಳದಾಳಂತ. ಕನ್ನಡ ಬಿಟ್ರ ಮತ್ತೇನೂ ಬರಂಗಿಲ್ಲಂತ ಪಾಪ, ಅಳಾಕತ್ತಾಳೇನೋ. ಆಕಿನ್ನೂ ಹುಡುಕಿಕೊಟ್ಟು ಹೋಗೋಣೇನು?"

ನಾನು ಕಾನ್‌ಸ್ಟೇಬಲನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಕನ್ನಡ ಬಾರದಿದ್ದರೂ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಆ ಮುದುಕಿ ಸಿಕ್ಕಿದ್ದಾರೆ ಎಂದು ಅತ್ತೆಗೆ ಹಿಂದಿಯಲ್ಲಿ ಹೇಳಿ, ವಾಕಿಟಾಕಿಯಲ್ಲಿ ಮೈಕು ನಿಲ್ಲಿಸಲು ಹೇಳಿದಳು. ಅತ್ತೆಗೆ ಸಮಾಧಾನವಾಯಿತು. ಆ ಮುದುಕಿ ಯಾರೆಂದು ಅವರು ಇವತ್ತಿಗೂ ಕೇಳಿಲ್ಲ. ನಾನೂ ಹೇಳಲು ಹೋಗಿಲ್ಲ.

ಗಂಡ ಬೆವರುತ್ತಾ ಬಂದಾಗ ನಾವು ಹತ್ತಿರದ ಒಂದು ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆವು. ಅತ್ತಿ, ಅತ್ತಿ ಎಂದು ಓಡಿ ಬಂದವರು ಅವರನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿಕೊಂಡರು. ಅತ್ತೆಯ ತಲೆ ಅವರ ಭುಜದವರೆಗೂ ಬರಲಿಲ್ಲ. ಗಂಡ ಕೆಳಗೆ ನೋಡುತ್ತಾ ನಿಂತರು. ಅನ್ನ ಆರತೈತಿ ಬಿಡೋ ಎಂದು ಅತ್ತೆ ಬಿಡಿಸಿಕೊಂಡು ಕೂತರು.

ಗಂಡ ಕೈ ತೊಳೆಯಲು ಹೋದಾಗ ನಾನು ಅತ್ತೆಯ ಬಳಿ ಸರಿದು, ಅಂಗಡಿಯವರು ಇನ್ನೇನು ಕೇಳಿದರು ಎಂದೆ. ನನ್ನ ಬಗ್ಗೆ ಬಜಾರಿನಲ್ಲಿ ಇನ್ನೂ ಏನೇನು ಹರಡಿದೆಯೋ ಎಂಬ ಚಿಂತೆ ಆಗಲೇ ಶುರುವಾಗಿತ್ತು.

"ಆಕಿ ನಿಮಗೇನಾಗಬೇಕು ಅಂತ ಕೇಳಿದ್ರು."

"ಏನು ಹೇಳಿದಿರಿ?"

"ಮಗಳು ಅಂದೆ," ಎಂದರು ಅತ್ತೆ, ಅನ್ನಕ್ಕೆ ಸಾರು ಕಲಸುತ್ತಾ. "ತಮ್ಮನ ಮಗನ ಹೆಂಡ್ತಿ ಅಂದ್ರ ಅಷ್ಟು ಜಲ್ದಿ ಹುಡುಕಂಗಿಲ್ಲ ಮಂದಿ."

ನಾನು ತಲೆ ತಗ್ಗಿಸಿ ಊಟ ಮಾಡಿದೆ. ಅತ್ತೆ ನನ್ನ ಎಲೆಯ ಕಡೆ ನೋಡಿ, ಮೆಸ್ಸಿನ ಹುಡುಗಿಯನ್ನು ಕರೆದು, ನನಗೆ ಇನ್ನಷ್ಟು ಅನ್ನ ಹಾಕಲು ಹಿಂದಿಯಲ್ಲಿ ಹೇಳಿದರು. ಸಾಕು ಎನ್ನಲು ಎಲೆಗೆ ಅಡ್ಡ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.